ಹಿತ್ತಲಿಗೆ ಬೇಗ ಹಣ್ಣಾಗೋ ಟೊಮೆಟೊ: ನಾನು ಹಾಕೋ ನಾಲ್ಕು ತಳಿ



ಆರಿದ್ರಾ ಮಳೆ ಹತ್ತಿರ ಬಂತು. ಪ್ರತಿ ಸಲ ತೋಟದ ಟೊಮೆಟೊ ಬಗ್ಗೆ, ಔಷಧಿ ಬಗ್ಗೆ, ಮಂಡಿ ರೇಟ್ ಬಗ್ಗೆ ಬರೀತಾ ಇದ್ದೆ. ಈ ಸಲ ಮಾರೋ ಹಣ್ಣಿನ ಮಾತು ಬೇಡ. ನಮ್ಮ ಮನೆ ಸಾರಿಗೆ, ಗೊಜ್ಜಿಗೆ ಬೇಕಾದ ಹಣ್ಣಿನ ಬಗ್ಗೆ ಬರೀತೀನಿ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತು ಮಾಡ್ಕೊಂಡು ಓದಿ.

ಮೊದಲು ಒಂದು ವಿಷಯ. ನಮ್ಮ ಕೋಲಾರ ಜಿಲ್ಲೆಯಲ್ಲಿ ಟೊಮೆಟೊ ಇಡದ ರೈತ ಕಮ್ಮಿ. ಆದ್ರೂ ನಮ್ಮಲ್ಲಿ ಎಷ್ಟು ಮನೆಯಲ್ಲಿ ಅಡುಗೆಗೆ ಹಣ್ಣು ಅಂಗಡಿಯಿಂದ ಬರುತ್ತೆ ಅಂತ ಯೋಚನೆ ಮಾಡಿ ನೋಡಿ. ತೋಟದಲ್ಲಿ ಬೆಳೆ ಇದ್ದಾಗ ಬುಟ್ಟಿಗಟ್ಟಲೆ ಇರುತ್ತೆ. ಬೆಳೆ ಕಿತ್ತ ಮೇಲೆ ಒಂದು ಹಣ್ಣೂ ಇರಲ್ಲ. 2023ರ ಜುಲೈನಲ್ಲಿ ಕೋಲಾರ ಮಾರ್ಕೆಟ್ಟಲ್ಲಿ 15 ಕೆಜಿ ಬಾಕ್ಸ್ 2000 ರೂಪಾಯಿ ದಾಟಿದ್ದು ಎಲ್ಲರಿಗೂ ನೆನಪಿದೆ. ಆವಾಗ ಬೆಳೆ ಇದ್ದವರೂ ಒಂದು ಹಣ್ಣು ಸಾರಿಗೆ ಹಾಕೋಕೆ ಹಿಂದೆ ಮುಂದೆ ನೋಡಿದ್ರು. ರಾತ್ರಿ ಹೊತ್ತು ತೋಟಕ್ಕೆ ಕಾವಲು ಕೂತ್ರು. ಬೆಳೆ ಇಲ್ಲದವರು ಹುಣಸೆ ಹಣ್ಣಲ್ಲೇ ಸಾರು ಮಾಡ್ಕೊಂಡ್ರು. ಟೊಮೆಟೊ ಬೆಳೆಯೋ ಜಿಲ್ಲೆಯಲ್ಲೇ ಈ ಕಥೆ.

ಇನ್ನೊಂದು ವಿಷಯ ನಮ್ಮ ಮನೆಯವರು ಎತ್ತಿದ್ದು. ಮೊಮ್ಮಗಳಿಗೆ ಈಗ ನಾಲ್ಕು ವರ್ಷ. ಹಣ್ಣು ಕಂಡ್ರೆ ಹಸೀದೇ ತಿಂತಾಳೆ. ತೋಟದ ಗಿಡಕ್ಕೆ ಔಷಧಿ ಹೊಡೀದೆ ಬೆಳೆ ಬರಲ್ಲ, ಇದು ಎಲ್ಲರಿಗೂ ಗೊತ್ತು. ಔಷಧಿ ಡಬ್ಬಿ ಮೇಲೆ ಹೊಡೆದ ಮೇಲೆ ಇಷ್ಟು ದಿನ ಬಿಟ್ಟು ಹಣ್ಣು ಬಿಡಿಸಬೇಕು ಅಂತ ಬರೆದಿರುತ್ತೆ. ಮೂರು ದಿನಕ್ಕೊಂದು ಸಲ ಹಣ್ಣು ಬಿಡಿಸೋ ಬೆಳೆಯಲ್ಲಿ ಆ ಲೆಕ್ಕ ಕೂಡಿಸೋದು ಎಷ್ಟು ಕಷ್ಟ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. "ಮಗು ತಿನ್ನೋದಕ್ಕೆ ಬೇರೆ ಗಿಡ ಇಟ್ಕೊಡಿ, ನಿಮ್ಮ ತೋಟದ ಹಣ್ಣು ನಂಗೆ ಬೇಡ" ಅಂದ್ರು ನಮ್ಮ ಮನೆಯವರು. ನ್ಯಾಯವಾದ ಮಾತು. ಅವತ್ತಿಂದ ಬಚ್ಚಲ ನೀರು ಹೋಗೋ ಕಡೆ, ನುಗ್ಗೆ ಮರದ ಪೂರ್ವಕ್ಕೆ, 24 ಗಿಡದ ಜಾಗ ಟೊಮೆಟೊಗೇ ಅಂತ ಮೀಸಲು. ಸೋಪಿನ ನೀರು ನೇರ ಬುಡಕ್ಕೆ ಹೋಗದ ಹಾಗೆ ಮುಂದೆ ಕೆಸವು, ಬಾಳೆ ಇಟ್ಟಿದೀನಿ. ಅವು ಕುಡಿದು ಮಿಕ್ಕ ತೇವ ಟೊಮೆಟೊಗೆ ಸಿಗುತ್ತೆ.

ಬೇಗ ಹಣ್ಣಾಗೋ ತಳಿಯೇ ಯಾಕೆ?

ಹೊರದೇಶದಲ್ಲಿ ಹಿಮ ಬೀಳೋದರೊಳಗೆ ಹಣ್ಣಾಗಬೇಕು ಅಂತ ಬೇಗ ಬರೋ ತಳಿ ಹುಡುಕ್ತಾರೆ. ನಮಗೆ ಹಿಮದ ಭಯ ಇಲ್ಲ. ನಮ್ಮ ಭಯ ಬೇರೆ. ನಮ್ಮ ಕಡೆ ಜಾಸ್ತಿ ಮಳೆ ಬೀಳೋದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹಸ್ತ, ಚಿತ್ತಾ ಮಳೆ ಜಡಿ ಹಿಡಿದ್ರೆ ಎಲೆ ಒಣಗೋಕೆ ಬಿಡುವೇ ಇರಲ್ಲ, ಅಂಗಮಾರಿ ಕೆಳಗಿನ ಎಲೆಯಿಂದ ಹತ್ತಿ ಎಂಟು ಹತ್ತು ದಿನಕ್ಕೆ ಗಿಡ ಸುಟ್ಟ ಹಾಗೆ ಮಾಡುತ್ತೆ. ಬೇಸಿಗೆ ಗಿಡಕ್ಕೆ ಬಿಳಿ ನೊಣ ಎಲೆ ಮುದುಡು ರೋಗ ತರುತ್ತೆ. ಏಪ್ರಿಲ್ ದಾಟಿದ್ರೆ ಬಿಸಿಲಿಗೆ ಹೂವು ಉದುರುತ್ತೆ, ಕಾಯಿ ಕಚ್ಚಲ್ಲ.

ಔಷಧಿ ಹೊಡೀದೆ ಇದನ್ನ ಗೆಲ್ಲೋಕೆ ಹಿತ್ತಲಲ್ಲಿ ಒಂದೇ ದಾರಿ. ರೋಗ ಬರೋ ಹೊತ್ತಿಗೆ ನಾವು ಅರ್ಧ ಹಣ್ಣು ತಿಂದು ಮುಗಿಸಿರಬೇಕು. ಗಿಡ ಆಮೇಲೆ ಹೋದ್ರೆ ಹೋಗಲಿ. ಅದಕ್ಕೇ ಬೇಗ ಹಣ್ಣಾಗೋದು ಅನ್ನೋದು ನಮಗೆ ಶೋಕಿ ಅಲ್ಲ, ಅದೇ ನಮ್ಮ ಔಷಧಿ.

ಲೆಕ್ಕ ಹಾಕಿ ನೋಡಿ. ಜೂನ್ 22ಕ್ಕೆ ಬೀಜ ಹಾಕಿದ್ರೆ ಜುಲೈ 17ಕ್ಕೆ ನಾಟಿ. ನಾಟಿಯಿಂದ 60 ದಿನಕ್ಕೆ ಹಣ್ಣಾಗೋ ತಳಿ ಸೆಪ್ಟೆಂಬರ್ 15ಕ್ಕೆ ಮೊದಲ ಹಣ್ಣು ಕೊಡುತ್ತೆ. 75 ದಿನದ ತಳಿ ಸೆಪ್ಟೆಂಬರ್ ಕೊನೆಗೆ, ಹಸ್ತ ಮಳೆ ಶುರುವಾದಾಗ. ಮಧ್ಯೆ 15 ದಿನ. ಆ 15 ದಿನದಲ್ಲಿ ನಾಲ್ಕು ಸಲ ಹಣ್ಣು ಬಿಡಿಸಬಹುದು. ಮಂಡಿ ಲೆಕ್ಕದಲ್ಲಿ ಅದು ಏನೂ ಅಲ್ಲ, ಮನೆ ಲೆಕ್ಕದಲ್ಲಿ ಒಂದು ತಿಂಗಳ ಸಾರು.

ಪ್ಯಾಕೆಟ್ ಮೇಲಿನ ದಿನ ಓದೋದು ಹೇಗೆ

ಬೀಜದ ಪ್ಯಾಕೆಟ್ ಮೇಲೆ ಕೆಲವರು ನಾಟಿಯಿಂದ ಮೊದಲ ಹಣ್ಣಿನವರೆಗಿನ ದಿನ ಬರೀತಾರೆ. ಕೆಲವರು ಬೆಳೆಯ ಪೂರ್ತಿ ಅವಧಿ ಬರೀತಾರೆ, ಅಂದ್ರೆ ಕೊನೆ ಹಣ್ಣಿನವರೆಗೆ. ಒಂದರ ಮೇಲೆ 65, ಇನ್ನೊಂದರ ಮೇಲೆ 110 ಅಂತ ಇದ್ದ ಮಾತ್ರಕ್ಕೆ ಎರಡನೇದು ಅಷ್ಟು ತಡ ಅಂತಲ್ಲ. ಯಾವ ದಿನದಿಂದ ಯಾವ ದಿನಕ್ಕೆ ಅಂತ ಅಂಗಡಿಯವರನ್ನ ಕೇಳಿ ತಿಳ್ಕೊಳ್ಳಿ.

ಗಿಡ ನೋಡಿಯೇ ಗುರುತು ಹಿಡಿಯೋಕೂ ಒಂದು ದಾರಿ ಇದೆ. ಮೊದಲ ಹೂವಿನ ಗೊಂಚಲು ಎಷ್ಟನೇ ಎಲೆ ಮೇಲೆ ಬಂತು ಅಂತ ಎಣಿಸಿ. ಆರು, ಏಳು, ಎಂಟು ಎಲೆ ಆದ ಮೇಲೆ ಗೊಂಚಲು ಬಂದ್ರೆ ಅದು ಬೇಗದ ತಳಿ. ಹತ್ತು, ಹನ್ನೆರಡು ಎಲೆ ದಾಟಿದ್ರೆ ತಡದ ತಳಿ. ಹೂವು ಬಿಟ್ಟ ಮೇಲೆ ದಪ್ಪ ಹಣ್ಣಿನ ತಳಿಗಳಿಗೆ ಹಣ್ಣಾಗೋಕೆ ಹೆಚ್ಚೂ ಕಮ್ಮಿ ಒಂದೂವರೆ ತಿಂಗಳು ಬೇಕು. ಚಿಕ್ಕ ಹಣ್ಣಾದ್ರೆ ಅದಕ್ಕಿಂತ ಬೇಗ.

ಈಗ ತಳಿಗಳಿಗೆ ಬರೋಣ. ನಾನು ಕ್ಯಾಲೆಂಡರ್ ಮೇಲೆ ನಾಟಿ ದಿನ, ಮೊದಲ ಹೂವು, ಮೊದಲ ಹಣ್ಣು ಗುರುತು ಹಾಕ್ತೀನಿ. ಕೆಳಗಿನ ದಿನಗಳು ನಮ್ಮ ಕೆಂಪು ಮಣ್ಣಲ್ಲಿ, ಮಳೆಗಾಲದ ಗಿಡದಲ್ಲಿ ಬಂದ ಲೆಕ್ಕ. ನಿಮ್ಮಲ್ಲಿ ನಾಲ್ಕೈದು ದಿನ ಆಚೆ ಈಚೆ ಆಗಬಹುದು.

1. ಗೋಲಿ ಟೊಮೆಟೊ

ಪೇಟೆಯಲ್ಲಿ ಚೆರ್ರಿ ಅಂತ ಡಬ್ಬಿಯಲ್ಲಿ ಹಾಕಿ ಮಾರ್ತಾರೆ. ನಮ್ಮ ತಿಪ್ಪೆ ಮೇಲೆ, ಬೇಲಿ ಸಂದಿಯಲ್ಲಿ ತಾನಾಗೇ ಹುಟ್ಟೋ ಗೋಲಿ ಗಾತ್ರದ್ದೂ ಇದೇ ಜಾತಿ. ನಾಟಿಯಿಂದ 52, 55 ದಿನಕ್ಕೆ ಮೊದಲ ಹಣ್ಣು. ಎಲ್ಲಕ್ಕಿಂತ ಮುಂಚೆ. ಹಣ್ಣು ಚಿಕ್ಕದಾದ್ದರಿಂದ ತುಂಬಿಸೋಕೆ ಗಿಡಕ್ಕೆ ಕಷ್ಟ ಇಲ್ಲ, ಬೇಗ ಬಣ್ಣ ತಿರುಗುತ್ತೆ. ಬಿಸಿಲಲ್ಲೂ ದಪ್ಪ ಹಣ್ಣಿನವಕ್ಕಿಂತ ಚೆನ್ನಾಗಿ ಕಾಯಿ ಕಚ್ಚುತ್ತೆ. ತೊಂದರೆ ಏನಂದ್ರೆ ಬಳ್ಳಿ ಥರ ಹರೀತಾ ಹೋಗುತ್ತೆ, ಆಸರೆ ಬೇಕೇ ಬೇಕು. ಬೇಲಿಗೆ ಹಬ್ಬಿಸಿದ್ರೆ ಸಾಕು. ಮಳೆ ಹೊಡೆದ್ರೆ ಹಣ್ಣು ಬಿರಿಯುತ್ತೆ. ಸಾರಿಗೆ ಇದು ಸಾಲಲ್ಲ, ಮಕ್ಕಳು ಕಿತ್ಕೊಂಡು ತಿನ್ನೋಕೆ. ಎರಡು ಗಿಡ ಇದ್ರೆ ಜಾಸ್ತಿ ಆಯ್ತು.

2. ಪೂಸಾ ರೂಬಿ

ಹಳೇ ತಳಿ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯದು. ಸಿಯೂಕ್ಸ್ ಅನ್ನೋ ಅಮೆರಿಕದ ತಳಿಗೂ ಇಂಪ್ರೂವ್ಡ್ ಮೀರುತಿ ಅನ್ನೋ ನಮ್ಮ ದೇಶದ ತಳಿಗೂ ಕೂಡಿಸಿ ತೆಗೆದಿದ್ದು. ಹಣ್ಣು ಚಪ್ಪಟೆ ಗುಂಡು, ಮೇಲೆ ಸಣ್ಣ ಗೀರು ಗೀರು ಇರುತ್ತೆ, ಹುಳಿ ಚೆನ್ನಾಗಿದೆ. ನಾಟಿಯಿಂದ 60, 65 ದಿನಕ್ಕೆ ಹಣ್ಣು. ನನ್ನ ಹಿತ್ತಲಲ್ಲಿ 62ಕ್ಕೆ ಬಂದಿದೆ. ಸಿಪ್ಪೆ ತೆಳ್ಳಗೆ, ಬಾಕ್ಸಿಗೆ ಹಾಕಿ ಲಾರಿಗೆ ಏರಿಸಿದ್ರೆ ದಾರಿಯಲ್ಲೇ ರಸ ಆಗುತ್ತೆ. ಅದಕ್ಕೇ ಮಾರೋರು ಇದನ್ನ ಬಿಟ್ರು. ಆದ್ರೆ ಹಿತ್ತಲಿಂದ ಒಲೆಗೆ ಇಪ್ಪತ್ತು ಹೆಜ್ಜೆ, ಲಾರಿ ಯಾಕೆ ಬೇಕು? ತೆಳು ಸಿಪ್ಪೆ ಸಾರಲ್ಲಿ ಕರಗಿಹೋಗುತ್ತೆ, ಬಾಯಿಗೆ ಸಿಗಲ್ಲ. ನನ್ನ 24ರಲ್ಲಿ 8 ಗಿಡ ಇದೇ.

3. ನಮ್ಮ ನಾಟಿ ಹುಳಿ ಟೊಮೆಟೊ

ನಮ್ಮಮ್ಮ ಬೂದಿ ಹಚ್ಚಿ ಬಟ್ಟೆಯಲ್ಲಿ ಕಟ್ಟಿ ಇಡ್ತಿದ್ದ ಬೀಜದ ವಂಶ. ಇದಕ್ಕೆ ಹೆಸರಿಲ್ಲ, ಪ್ಯಾಕೆಟ್ಟಿಲ್ಲ. ಚಪ್ಪಟೆ ಹಣ್ಣು, ಮಧ್ಯೆ ಮಡಿಕೆ ಮಡಿಕೆ, ಒಳಗೆ ರಸ ಬೀಜ ಜಾಸ್ತಿ. 65 ದಿನ ಸುಮಾರಿಗೆ ಶುರು. ಎರಡು ಹಣ್ಣು ಹಾಕಿದ್ರೆ ಹುಣಸೆ ಹಣ್ಣು ಬೇಡ, ಅಷ್ಟು ಹುಳಿ. ಬಸ್ಸಾರಿಗೂ ಮುದ್ದೆಗೆ ಮಾಡೋ ಗೊಜ್ಜಿಗೂ ಇದರ ಮುಂದೆ ಬೇರೆ ಇಲ್ಲ. ಕಮ್ಮಿ ಅಂದ್ರೆ ಇದಕ್ಕೆ ಎಲೆ ಮುದುಡು ರೋಗ ಬೇಗ ಬರುತ್ತೆ. ಬೇಸಿಗೆಗೆ ನಾನು ಇದನ್ನ ಇಡಲ್ಲ. ಮಳೆಗಾಲಕ್ಕೆ ಮತ್ತು ದಸರಾ ಆದ ಮೇಲಿನ ನಾಟಿಗೆ ಮಾತ್ರ. 6 ಗಿಡ.

4. ಅರ್ಕಾ ವಿಕಾಸ್

ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿ. ಟಿಪ್‌ಟಾಪ್ ಅನ್ನೋ ಅಮೆರಿಕದ ತಳಿಯಿಂದ ಆರಿಸಿ ತೆಗೆದಿದ್ದು. ಹಣ್ಣು 80, 90 ಗ್ರಾಂ ಬರುತ್ತೆ, ಕಾಯಿ ಇದ್ದಾಗ ತೊಟ್ಟಿನ ಹತ್ರ ತಿಳಿ ಹಸಿರು. ನನ್ನಲ್ಲಿ 68, 70 ದಿನಕ್ಕೆ ಮೊದಲ ಹಣ್ಣು. ಪೂಸಾ ರೂಬಿಗಿಂತ ಒಂದು ವಾರ ತಡ. ಆದ್ರೂ ಇದನ್ನ ಬಿಡದಿರೋಕೆ ಕಾರಣ ಇದೆ. ನೀರು ಕಮ್ಮಿ ಆದ್ರೂ, ಬಿಸಿಲು ಜಾಸ್ತಿ ಆದ್ರೂ ತಡ್ಕೊಳ್ಳುತ್ತೆ. ಬೋರ್‌ವೆಲ್ ಕೈಕೊಟ್ಟು ಬಿಂದಿಗೆಯಲ್ಲಿ ಹಾಕಿದ ನೀರಲ್ಲೇ ಹಣ್ಣು ಕೊಟ್ಟ ಗಿಡ ಇದು. ಸಂಕ್ರಾಂತಿಗೆ ಬೀಜ ಹಾಕೋರಿಗೆ ಇದೇ ಸರಿ. 8 ಗಿಡ.

ಮಾರೋಕೆ ಹಾಕೋ ಹೈಬ್ರಿಡ್ ಗಿಡವೇ ನಾಲ್ಕು ಹಿತ್ತಲಿಗೆ ತಂದು ಇಟ್ಟರೆ ಆಗಲ್ವಾ ಅಂತ ಕೇಳಬಹುದು. ಆಗುತ್ತೆ. ಅದೇ ಹೆಸರಘಟ್ಟದ ಅರ್ಕಾ ರಕ್ಷಕ್ ಎಲೆ ಮುದುಡು, ಸೊರಗು ರೋಗ, ಅಂಗಮಾರಿ ಮೂರನ್ನೂ ತಡೆಯೋ ಹೈಬ್ರಿಡ್. ಹೊಲದಲ್ಲಿ ಸೊರಗು ರೋಗ ಇರೋರು ಇದನ್ನ ಇಡಲಿ. ಆದ್ರೆ ಅದು ಬೇಗದ ತಳಿ ಅಲ್ಲ, ಬಹಳ ದಿನದ ಬೆಳೆ. ಹೈಬ್ರಿಡ್ ಬೀಜ ಎತ್ತಿಟ್ಟು ಮುಂದಿನ ವರ್ಷ ಹಾಕಿದ್ರೆ ಒಂದು ಗಿಡ ಒಂದು ಥರ, ಇನ್ನೊಂದು ಗಿಡ ಇನ್ನೊಂದು ಥರ ಬರುತ್ತೆ. ಮೇಲೆ ಹೇಳಿದ ಪೂಸಾ ರೂಬಿ, ಅರ್ಕಾ ವಿಕಾಸ್, ನಾಟಿ ಮೂರೂ ಹಾಗಲ್ಲ. ಬೀಜ ನಮ್ಮದೇ, ಒಂದು ಸಲ ತಂದ್ರೆ ಸಾಕು. ಗೋಲಿ ಟೊಮೆಟೊ ಮಾತ್ರ ನೋಡಿ ತಗೊಳ್ಳಿ, ಪೇಟೆ ಡಬ್ಬಿಯ ಚೆರ್ರಿ ಹಣ್ಣು ಸಾಮಾನ್ಯವಾಗಿ ಹೈಬ್ರಿಡ್.

ತಳಿ ಒಂದೇ ಸಾಲದು, ಕೆಲಸವೂ ಬೇಗ ಮಾಡಬೇಕು

ಒಳ್ಳೇ ಬೇಗದ ತಳಿ ತಂದು ಹಳೇ ಸಸಿ ಇಟ್ರೆ ಬಂದ ಲಾಭ ಅಲ್ಲೇ ಹೋಗುತ್ತೆ. ನಾನು ಮಾಡೋದು ಹೀಗೆ.

ಸಸಿ: ಒಂದು ಗ್ರಾಂನಲ್ಲಿ ಸುಮಾರು 300 ಬೀಜ ಇರುತ್ತೆ. 24 ಗಿಡಕ್ಕೆ ಚಿಟಿಕೆ ಬೀಜ ಸಾಕು. ನರ್ಸರಿಯ ಹಳೇ ಟ್ರೇ ತೊಳೆದು, ತೆಂಗಿನ ನಾರಿನ ಪುಡಿಗೆ ಎರೆಗೊಬ್ಬರ ಬೆರೆಸಿ ತುಂಬಿಸಿ, ಗುಳಿಗೆ ಒಂದು ಬೀಜ. ಮೇಲೆ ಸೊಳ್ಳೆ ಪರದೆಗಿಂತ ಸಣ್ಣ ಕಣ್ಣಿನ ನೈಲಾನ್ ಪರದೆ ಕಟ್ಟಿ. ಬಿಳಿ ನೊಣ ಸಸಿಯಲ್ಲೇ ಕೂತ್ರೆ ಆ ಗಿಡ ಆಮೇಲೆ ಉದ್ಧಾರ ಆಗಲ್ಲ. ಸಸಿ 25 ದಿನಕ್ಕೆ ನಾಲ್ಕೈದು ಎಲೆ ಇದ್ದಾಗ ನಾಟಿ ಮಾಡಿ. 40 ದಿನ ಟ್ರೇನಲ್ಲೇ ಇದ್ದು ಹೂವು ಕಂಡ ಸಸಿ ಬೇಗ ಹಣ್ಣು ಕೊಡುತ್ತೆ ಅಂತ ಕೆಲವರು ತರ್ತಾರೆ. ಬೇರು ಸುತ್ತಿಕೊಂಡಿರುತ್ತೆ, ಎರಡು ಕಾಯಿ ಕೊಟ್ಟು ನಿಂತುಬಿಡುತ್ತೆ.

ನಾಟಿ: ಸಂಜೆ ಹೊತ್ತು. ಕಾಂಡವನ್ನ ಕೆಳಗಿನ ಎಲೆವರೆಗೆ ಮಣ್ಣಲ್ಲಿ ಹೂಳಿ. ಟೊಮೆಟೊ ಕಾಂಡ ಮಣ್ಣಿಗೆ ತಾಕಿದ ಕಡೆಯೆಲ್ಲಾ ಬೇರು ಬಿಡುತ್ತೆ. ಗುಣಿಗೆ ಎರಡು ಬೊಗಸೆ ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಅಥವಾ ಹೊಂಗೆ ಹಿಂಡಿ. ಗಿಡದಿಂದ ಗಿಡಕ್ಕೆ ಎರಡು ಅಡಿ. ಹತ್ತಿರ ಇಟ್ರೆ ಗಾಳಿ ಆಡಲ್ಲ, ಅಂಗಮಾರಿಗೆ ನಾವೇ ಚಾಪೆ ಹಾಸಿ ಕರೆದ ಹಾಗೆ. ಸುತ್ತ ಬೇಲಿಗೆ ಎರಡು ಸಾಲು ಜೋಳ, ಮುಸುಕಿನ ಜೋಳ ಆದ್ರೂ ಆಯ್ತು. ಮಧ್ಯೆ ಮಧ್ಯೆ ಚೆಂಡು ಹೂ. ಕಾಯಿ ಕೊರಕದ ಚಿಟ್ಟೆ ಚೆಂಡು ಹೂವಿಗೇ ಮೊದಲು ಹೋಗಿ ಮೊಟ್ಟೆ ಇಡುತ್ತೆ.

ಯೂರಿಯಾ: ಹಿತ್ತಲಲ್ಲಿ ಬೇಡವೇ ಬೇಡ. ಗಿಡ ಕಪ್ಪಗೆ ಸೊಂಪಾಗಿ ಬೆಳೆದು ನೋಡೋಕೆ ಚೆಂದ, ಹೂವು ಮಾತ್ರ ಹಿಂದಕ್ಕೆ ಹೋಗುತ್ತೆ.

ಕಂಕುಳ ಚಿಗುರು: ಮೊದಲ ಹೂಗೊಂಚಲಿನ ಕೆಳಗಿರೋ ಚಿಗುರನ್ನೆಲ್ಲಾ ಚಿಕ್ಕದಿದ್ದಾಗ ಉಗುರಲ್ಲೇ ಚಿವುಟಿ. ಮೇಲಿನದು ಬಿಡಿ. ಗಿಡದ ಶಕ್ತಿ ಮೊದಲ ಗೊಂಚಲಿಗೆ ಹೋಗುತ್ತೆ, ಕೆಳಗೆ ಗಾಳಿಯೂ ಆಡುತ್ತೆ. ನೆಲಕ್ಕೆ ತಾಗೋ ಎಲೆ ತೆಗೆದುಬಿಡಿ.

ಹೂವು: ಬೆಳಿಗ್ಗೆ ಒಂಬತ್ತು ಹತ್ತು ಗಂಟೆಗೆ ಕೋಲು ಕಟ್ಟಿದ ದಾರವನ್ನ ಬೆರಳಲ್ಲಿ ಮೀಟಿ. ಹೂವು ಅಲ್ಲಾಡಿದ್ರೆ ಪರಾಗ ಉದುರಿ ಕಾಯಿ ಕಚ್ಚುತ್ತೆ. ಗಾಳಿ ಇಲ್ಲದ ಹಿತ್ತಲಿಗೆ ಇದು ಬಹಳ ಮುಖ್ಯ. ನಮ್ಮಲ್ಲಿ ಇದು ಮೊಮ್ಮಗಳ ಕೆಲಸ.

ನೀರು: ಒಂದು ದಿನ ತುಂಬಿಸಿ ನಾಲ್ಕು ದಿನ ಒಣಗಿಸೋದು ಬೇಡ. ಹಾಗೆ ಮಾಡಿದ್ರೆ ಕಾಯಿಯ ತಳ ಕಪ್ಪಾಗಿ ಕೊಳೆಯುತ್ತೆ, ಹಣ್ಣು ಬಿರಿಯುತ್ತೆ. ಬುಡಕ್ಕೆ ಅವರೆ ಹೊಟ್ಟು, ಒಣ ಹುಲ್ಲು ಹೊದಿಸಿ, ದಿನಾ ಸ್ವಲ್ಪ ಸ್ವಲ್ಪ ಕೊಡಿ. ಎಲೆ ಮೇಲೆ ನೀರು ಹಾಕಬೇಡಿ.

ಬಿಡಿಸೋದು: ತುದಿಯಲ್ಲಿ ನಸುಗೆಂಪು ಕಂಡ ತಕ್ಷಣ ಕಿತ್ತು ಒಳಗೆ ಬುಟ್ಟಿಯಲ್ಲಿಡಿ. ಬಣ್ಣ ತಿರುಗಿದ ಮೇಲೆ ಮನೆಯೊಳಗೇ ಪೂರ್ತಿ ಹಣ್ಣಾಗುತ್ತೆ. ಗಿಳಿ, ಅಳಿಲು, ಹುಳದ ಬಾಯಿಂದ ಹಣ್ಣು ಉಳಿಯುತ್ತೆ, ಗಿಡಕ್ಕೂ ಭಾರ ಇಳಿದು ಮುಂದಿನ ಗೊಂಚಲು ಬೇಗ ತುಂಬುತ್ತೆ. ಏಪ್ರಿಲ್ ಬಿಸಿಲಲ್ಲಂತೂ ಇದನ್ನ ಮಾಡಲೇಬೇಕು. 30, 32 ಡಿಗ್ರಿ ದಾಟಿದ್ರೆ ಗಿಡದಲ್ಲಿರೋ ಹಣ್ಣಿಗೆ ಕೆಂಪು ಸರಿಯಾಗಿ ಕೂಡಲ್ಲ, ಹಳದಿ ಹಳದಿ ಇರುತ್ತೆ. ನೆರಳಲ್ಲಿಟ್ಟರೆ ಕೆಂಪಾಗುತ್ತೆ.

ಧನುರ್ಮಾಸದ ಚಳಿಯಲ್ಲಿ ಇದೇ ಗಿಡಗಳು ಎಂಟು ಹತ್ತು ದಿನ ತಡ ಮಾಡ್ತವೆ. ಆಗ ತಳಿಯನ್ನ ಬಯ್ಯಬೇಡಿ, ಚಳಿಯ ಗುಣ ಅದು.

ಬೀಜ ಎತ್ತಿಡೋದು

ಹಿತ್ತಲ ಬೇಸಾಯದಲ್ಲಿ ದೊಡ್ಡ ಲಾಭ ಇದೇ. ಟೊಮೆಟೊ ಹೂವು ಹೆಚ್ಚಾಗಿ ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತೆ. ಅದಕ್ಕೇ ನಾಲ್ಕು ತಳಿ ಅಕ್ಕಪಕ್ಕ ಇದ್ದರೂ ಬಹಳ ಬೆರಕೆ ಆಗಲ್ಲ.

ನಾನು ಎಲ್ಲಾ ಗಿಡದಿಂದ ಬೀಜ ಎತ್ತಲ್ಲ. ಯಾವ ಗಿಡ ಮೊದಲು ಹಣ್ಣು ಕೊಡ್ತೋ, ಎಲೆ ಮುದುಡದೆ ನಿಂತಿತೋ, ಆ ಗಿಡಕ್ಕೆ ಕೆಂಪು ದಾರ ಕಟ್ತೀನಿ. ಅದರ ಎರಡನೇ, ಮೂರನೇ ಗೊಂಚಲಿನ ಒಳ್ಳೇ ಹಣ್ಣು ಗಿಡದಲ್ಲೇ ಪೂರ್ತಿ ಮಾಗೋಕೆ ಬಿಡ್ತೀನಿ. ಮೊದಲ ಗೊಂಚಲು ಮನೆಗೆ. ಬೀಜಕ್ಕೆ ಅಂತ ಬಿಟ್ಟ ಹಣ್ಣನ್ನ ಹಿಂಡಿ ರಸದ ಸಮೇತ ಲೋಟದಲ್ಲಿ ಎರಡು ದಿನ ಇಟ್ಟರೆ ನೊರೆ ಬಂದು ಬೀಜದ ಮೇಲಿನ ಲೋಳೆ ಬಿಡುತ್ತೆ. ತೊಳೆದಾಗ ಜೊಳ್ಳು ತೇಲುತ್ತೆ, ಗಟ್ಟಿ ಬೀಜ ತಳಕ್ಕೆ ಇಳಿಯುತ್ತೆ. ಗಟ್ಟಿ ಬೀಜವನ್ನ ನೆರಳಲ್ಲಿ ತಟ್ಟೆ ಮೇಲೆ ಒಣಗಿಸಿ, ಕಾಗದದ ಪೊಟ್ಟಣ ಕಟ್ಟಿ, ತಳಿ ಹೆಸರು ಮತ್ತು ವರ್ಷ ಬರೆದು ಡಬ್ಬಿಗೆ ಹಾಕಿ. ಒಣ ಜಾಗದಲ್ಲಿ ಇಟ್ಟರೆ ಮೂರು ನಾಲ್ಕು ವರ್ಷ ಚೆನ್ನಾಗಿ ಮೊಳೆಯುತ್ತೆ.

ಪ್ರತಿ ವರ್ಷ ಮೊದಲು ಹಣ್ಣು ಕೊಟ್ಟ ಗಿಡದಿಂದಲೇ ಬೀಜ ಎತ್ತಿದ್ರೆ ನಿಮ್ಮ ಮಣ್ಣಿಗೆ, ನಿಮ್ಮ ಮಳೆಗೆ ಒಗ್ಗಿದ ಬೀಜ ನಿಮ್ಮ ಹತ್ರ ಉಳಿಯುತ್ತೆ. ನಮ್ಮಮ್ಮನ ಕಾಲದವರು ಓದು ಬರಹ ಇಲ್ಲದೇ ಇದನ್ನೇ ಮಾಡಿದ್ದು.

24 ಗಿಡದಿಂದ ಎಷ್ಟು ಬರುತ್ತೆ?

ಔಷಧಿ ಇಲ್ಲದೆ ಗಿಡಕ್ಕೆ ಒಂದೂವರೆ ಕೆಜಿ ಅಂತ ಕಮ್ಮಿ ಲೆಕ್ಕ ಹಿಡಿದ್ರೂ 36 ಕೆಜಿ. ಎರಡು ತಿಂಗಳಲ್ಲಿ ಬರುತ್ತೆ. ಆರು ಜನದ ಮನೆಗೆ ದಿನಕ್ಕೆ ಅರ್ಧ ಕೆಜಿ ಮೇಲೆ ಸಿಕ್ಕ ಹಾಗಾಯ್ತು. ಆರಿದ್ರಾ ಮಳೆಗೆ ಒಂದು ಸಲ, ದಸರಾ ಆದ ಮೇಲೆ ಒಂದು ಸಲ, ಸಂಕ್ರಾಂತಿಗೆ ಒಂದು ಸಲ ಬೀಜ ಹಾಕಿದ್ರೆ ವರ್ಷದಲ್ಲಿ ಬಹುಪಾಲು ದಿನ ಅಂಗಡಿ ಮುಖ ನೋಡೋ ಹಾಗಿಲ್ಲ. ಗಿಡದ ಜಾಗ ಮಾತ್ರ ಪ್ರತಿ ಸಲ ಬದಲಾಯಿಸಿ. ಟೊಮೆಟೊ ಇಟ್ಟ ಕಡೆ ಮತ್ತೆ ಟೊಮೆಟೊ, ಬದನೆ, ಮೆಣಸಿನ ಗಿಡ ಬೇಡ. ಸೊಪ್ಪು, ಹುರುಳಿಕಾಯಿ, ಮೂಲಂಗಿ ಹಾಕಿ.

ಬಾಕ್ಸ್ 2000 ಆಗಲಿ, 50 ಆಗಲಿ, ಈ 24 ಗಿಡಕ್ಕೆ ಅದರ ಸುದ್ದಿ ಬೇಕಾಗಿಲ್ಲ. ಮಂಡಿಗೆ ಬೆಳೆಯೋದು ಬಿಡಿ ಅಂತ ನಾನು ಹೇಳ್ತಿಲ್ಲ, ನಾನೂ ಬಿಟ್ಟಿಲ್ಲ. ಸಾಲ ತೀರಬೇಕು, ಮಕ್ಕಳ ಫೀಸು ಕಟ್ಟಬೇಕು. ಆದ್ರೆ ಮಂಡಿಗೆ ಬೆಳೆಯೋ ಹಣ್ಣು ಬೇರೆ, ಮಗು ಕೈಗೆ ಕೊಡೋ ಹಣ್ಣು ಬೇರೆ ಅಂತ ಎರಡು ಲೆಕ್ಕ ಇಟ್ಕೊಳ್ಳೋದ್ರಲ್ಲಿ ನಷ್ಟ ಏನೂ ಇಲ್ಲ. ಬೇಕಾದ ಜಾಗ ಒಂದು ಎತ್ತಿನ ಗಾಡಿ ನಿಲ್ಲಿಸೋ ಅಷ್ಟು.

ಪೂಸಾ ರೂಬಿ ಮತ್ತು ನಾಟಿ ಹುಳಿ ಬೀಜ ಈ ಸಲ ನನ್ನ ಹತ್ರ ಸ್ವಲ್ಪ ಜಾಸ್ತಿ ಇದೆ. ಅಕ್ಕಪಕ್ಕದ ಊರಿನವರು ಬೆಳಿಗ್ಗೆ ಡೇರಿಗೆ ಹಾಲು ಹಾಕೋಕೆ ಬಂದಾಗ ಕೇಳಿ, ಒಂದು ಪೊಟ್ಟಣ ಕೊಡ್ತೀನಿ. ದುಡ್ಡು ಬೇಡ. ಬದಲಿಗೆ ನಿಮ್ಮ ಮನೆಯಲ್ಲಿ ಹಳೇ ಬದನೆ, ಅವರೆ, ಹೀರೆ ಬೀಜ ಏನಿದ್ರೂ ಒಂದು ಹಿಡಿ ತನ್ನಿ. ಹಾಕಿದ ಮೇಲೆ ನಾಟಿ ದಿನ, ಮೊದಲ ಹಣ್ಣಿನ ದಿನ ಬರೆದಿಟ್ಟು ನನಗೂ ತಿಳಿಸಿ. ನಿಮ್ಮ ಮಣ್ಣಲ್ಲಿ ಎಷ್ಟು ದಿನಕ್ಕೆ ಬಂತು ಅಂತ ಇಲ್ಲೇ ಎಲ್ಲರಿಗೂ ಗೊತ್ತಾಗಲಿ.

ಎಲ್ಲರಿಗೂ ಒಳ್ಳೇ ಮಳೆ ಆಗಲಿ.